ವಿಮ್‌ನಲ್ಲಿ ಇಂಡೆಂಟ್ ಸೆಟ್ ಮಾಡೋದು: ಟ್ಯಾಬ್‌ಸ್ಟಾಪ್ ಮುಟ್ಟೋಕೆ ಮುಂಚೆ ಇದನ್ನ ಓದಿ

ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನ ಹೊಸದಾಗಿ ಕಲಿಯೋರು ಇಂಡೆಂಟ್, ಅಂದ್ರೆ ಲೈನ್ ಶುರುವಲ್ಲಿ ಬಿಡೋ ಜಾಗ, 4 ಸ್ಪೇಸ್ ಬರ್ಲಿ ಅಂತ ಸೀದಾ ಟ್ಯಾಬ್‌ಸ್ಟಾಪ್ ಅನ್ನೋ ಸೆಟ್ಟಿಂಗ್‌ಗೆ ಕೈ ಹಾಕ್ತಾರೆ, ಹೆಸರು ಹಾಗೇ ಇದೆಯಲ್ಲ. ಆದ್ರೆ ಫೈಲಲ್ಲಿ ಇರೋ ಟ್ಯಾಬ್ ಕ್ಯಾರೆಕ್ಟರ್ ಪರದೆ ಮೇಲೆ ಎಷ್ಟು ಅಗಲ ಕಾಣ್ಬೇಕು ಅನ್ನೋದು ಮಾತ್ರ ಅದರ ಕೆಲಸ. ಡಿಫಾಲ್ಟ್ 8. ನೀವು 4 ಮಾಡ್ಕೊಂಡ್ರೆ ನಿಮ್ಮ ಕಣ್ಣಿಗೆ 4, ಅದೇ ಫೈಲನ್ನ ಟರ್ಮಿನಲ್‌ನಲ್ಲಿ ಕ್ಯಾಟ್ ಕಮಾಂಡ್ ಕೊಟ್ಟು ತೆರೆದು ನೋಡಿದ್ರೆ ಮತ್ತೆ 8.

ಎಷ್ಟು ಒಳಗೆ ತಳ್ಬೇಕು ಅನ್ನೋದು ಶಿಫ್ಟ್‌ವಿಡ್ತ್. ಲೈನ್ ಮೇಲೆ ನಿಂತು > ಎರಡು ಸಲ ಒತ್ತಿದಾಗ, ಆಟೋ ಇಂಡೆಂಟ್ ಆದಾಗ ಇದೇ ಲೆಕ್ಕ. ಟ್ಯಾಬ್ ಕೀ ಮತ್ತು ಬ್ಯಾಕ್‌ಸ್ಪೇಸ್ ಒತ್ತಿದಾಗ ಎಷ್ಟು ಜರುಗಬೇಕು ಅನ್ನೋದು ಸಾಫ್ಟ್‌ಟ್ಯಾಬ್‌ಸ್ಟಾಪ್. ಕೊನೇದು ಎಕ್ಸ್‌ಪ್ಯಾಂಡ್‌ಟ್ಯಾಬ್, ಫೈಲಿಗೆ ನಿಜವಾಗ್ಲೂ ಏನು ಬರೀಬೇಕು, ಸ್ಪೇಸೋ ಟ್ಯಾಬೋ, ಅನ್ನೋದನ್ನ ತೀರ್ಮಾನ ಮಾಡೋದು ಇದು, ಮತ್ತೆ ಡಿಫಾಲ್ಟಾಗಿ ಇದು ಆಫ್ ಇರತ್ತೆ.

ಈ ಆಫ್ ಇರೋದೇ ನನ್ನ ಒಂದು ಸಂಜೆ ಪೂರ್ತಿ ತಿಂದಿದ್ದು. ವಿಮ್ ಸೆಟ್ಟಿಂಗ್‌ಗಳನ್ನ ಬರೆದಿಡೋ ನನ್ನ ವಿಮ್‌ಆರ್‌ಸಿ ಫೈಲಲ್ಲಿ ಶಿಫ್ಟ್‌ವಿಡ್ತ್ 4, ಸಾಫ್ಟ್‌ಟ್ಯಾಬ್‌ಸ್ಟಾಪ್ 4 ಅಷ್ಟೇ ಇತ್ತು. ಪೈಥಾನ್ ಕೋಡ್ ನೋಡೋಕೆ ಒಂದಕ್ಕೊಂದು ಸರಿಯಾಗಿ ಜೋಡಿಸಿದಂಗೆ ಇದೆ, ರನ್ ಮಾಡಿದ್ರೆ ಟ್ಯಾಬ್‌ಎರರ್, ಅಂದ್ರೆ ಇಂಡೆಂಟಲ್ಲಿ ಟ್ಯಾಬೂ ಸ್ಪೇಸೂ ಬೆರೆತಿದೆ ಅನ್ನೋ ಎರರ್. ಆಗಿದ್ದೇನಂದ್ರೆ, ಟ್ಯಾಬ್ ಕೀ ಒಂದು ಸಲ ಒತ್ತಿದಾಗ ವಿಮ್ 4 ಸ್ಪೇಸ್ ಹಾಕತ್ತೆ, ಇನ್ನೊಂದು ಸಲ ಒತ್ತಿದ್ರೆ ಒಟ್ಟು 8 ಆಯ್ತಲ್ಲ, ಟ್ಯಾಬ್‌ಸ್ಟಾಪೂ 8, ಹಾಗಾಗಿ ಆ ಸ್ಪೇಸೆಲ್ಲ ತೆಗೆದು ಒಂದು ನಿಜವಾದ ಟ್ಯಾಬ್ ಇಟ್ಬಿಡತ್ತೆ. ಮೊದಲನೇ ಹಂತ ಸ್ಪೇಸಲ್ಲಿ, ಎರಡನೇ ಹಂತ ಟ್ಯಾಬಲ್ಲಿ. ಪೈಥಾನ್ 3 ಇಂಥ ಕಲಬೆರಕೆನ ಒಪ್ಪಲ್ಲ. ಕಣ್ಣಿಗೆ ಕಾಣಲ್ಲ ಅನ್ನೋದೇ ಕಷ್ಟ, ಅದಕ್ಕೆ ಕೋಲನ್ ಒತ್ತಿ ಸೆಟ್ ಲಿಸ್ಟ್ ಅಂತ ಕೊಡಿ, ಟ್ಯಾಬ್ ಇರೋ ಕಡೆಯೆಲ್ಲ ಒಂದು ಗುರುತು ಬರತ್ತೆ.

ರಿಪೇರಿಗೆ ರೀಟ್ಯಾಬ್ ಕಮಾಂಡ್ ಇದೆ, ಎಕ್ಸ್‌ಪ್ಯಾಂಡ್‌ಟ್ಯಾಬ್ ಆನ್ ಮಾಡಿ ರೀಟ್ಯಾಬ್ ಕೊಟ್ರೆ ಟ್ಯಾಬೆಲ್ಲ ಸ್ಪೇಸ್ ಆಗತ್ತೆ. ಆದ್ರೆ ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ. ಒಂದು ಟ್ಯಾಬ್‌ಗೆ ಎಷ್ಟು ಸ್ಪೇಸ್ ಅನ್ನೋದನ್ನ ರೀಟ್ಯಾಬ್ ತಗೊಳ್ಳೋದು ಟ್ಯಾಬ್‌ಸ್ಟಾಪ್‌ನಿಂದ. ನನ್ನ ಆ ಫೈಲಲ್ಲಿ ಟ್ಯಾಬ್‌ಸ್ಟಾಪ್ 8 ಇದ್ದಾಗಲೇ ರೀಟ್ಯಾಬ್ ಮಾಡಿದ್ರೆ ಎರಡನೇ ಹಂತ 8 ಸ್ಪೇಸ್, ಸರಿಹೋಗತ್ತೆ. ಮೊದಲು ಟ್ಯಾಬ್‌ಸ್ಟಾಪ್ 4 ಮಾಡಿ ಆಮೇಲೆ ಕೊಟ್ರೆ ಎರಡನೇ ಹಂತನೂ 4 ಸ್ಪೇಸ್ ಆಗಿ ಮೊದಲನೇ ಹಂತದ ಜೊತೆ ಸೇರ್ಕೊಳತ್ತೆ, ಅಂದ್ರೆ ಲೂಪ್ ಒಳಗೆ ಇಫ್ ಒಳಗಿದ್ದ ಲೈನ್ ಇಫ್‌ನಿಂದ ಹೊರಗೆ. ಪೈಥಾನ್‌ನಲ್ಲಿ ಇಂಡೆಂಟೇ ಅರ್ಥ ಆಗಿರೋದ್ರಿಂದ ಇದು ತುಂಬಾ ದೊಡ್ಡ ಏಟು. ಇನ್ನೊಂದು, ಸ್ಟ್ರಿಂಗ್ ಒಳಗೆ ಬೇಕು ಅಂತಲೇ ಹಾಕಿರೋ ಟ್ಯಾಬನ್ನೂ ರೀಟ್ಯಾಬ್ ಬಿಡಲ್ಲ.

ಈಗ ನಾನು ಟ್ಯಾಬ್‌ಸ್ಟಾಪ್‌ನ 8ಕ್ಕೇ ಬಿಟ್ಟು, ಶಿಫ್ಟ್‌ವಿಡ್ತ್ 4, ಸಾಫ್ಟ್‌ಟ್ಯಾಬ್‌ಸ್ಟಾಪ್ -1, ಎಕ್ಸ್‌ಪ್ಯಾಂಡ್‌ಟ್ಯಾಬ್ ಆನ್ ಇಟ್ಕೊಂಡಿದೀನಿ. -1 ಅಂದ್ರೆ ಶಿಫ್ಟ್‌ವಿಡ್ತ್ ಎಷ್ಟಿದೆಯೋ ಅದನ್ನೇ ತಗೋ ಅಂತ, ಒಂದೇ ಕಡೆ ನಂಬರ್ ಬದಲಾಯಿಸಿದ್ರೆ ಸಾಕು.

ಎಲ್ಲಾ ಭಾಷೆಗೂ ಒಂದೇ ಪದ್ಧತಿ ನಡೆಯಲ್ಲ. ಪೈಥಾನ್ ಕೋಡ್ ಬರೆಯೋ ಶೈಲಿಯ ಮಾರ್ಗಸೂಚಿ ಪೆಪ್ 8 ಹೇಳೋದು 4 ಸ್ಪೇಸ್, ಲಿನಕ್ಸ್ ಕರ್ನಲ್‌ನಲ್ಲಿ 8 ಅಗಲದ ನಿಜವಾದ ಟ್ಯಾಬ್, ಗೋ ಭಾಷೆಯ ಕೋಡ್ ಜೋಡಿಸೋ ಟೂಲ್ ಗೋಫ್ಮಟ್ಟೂ ಟ್ಯಾಬೇ ಹಾಕತ್ತೆ. ಪ್ರೋಗ್ರಾಂ ಬಿಲ್ಡ್ ಮಾಡೋ ಮೇಕ್ ಟೂಲ್ ಓದೋ ಮೇಕ್‌ಫೈಲಲ್ಲಿ ಕಮಾಂಡ್ ಇರೋ ಲೈನ್ ಟ್ಯಾಬ್‌ನಿಂದ ಶುರು ಆಗ್ಲೇಬೇಕು, ಸ್ಪೇಸ್ ಇದ್ರೆ ಮಿಸ್ಸಿಂಗ್ ಸೆಪರೇಟರ್ ಅಂತ ನಿಂತ್ಬಿಡತ್ತೆ. ವಿಮ್ ಜೊತೆ ಬರೋ ಫೈಲ್‌ಟೈಪ್ ಪ್ಲಗಿನ್‌ಗಳಿಗೆ, ಅಂದ್ರೆ ಒಂದೊಂದು ಥರದ ಫೈಲಿಗೆ ತಕ್ಕ ಸೆಟ್ಟಿಂಗ್ ಹಾಕೋ ಸ್ಕ್ರಿಪ್ಟ್‌ಗಳಿಗೆ, ಇದು ಗೊತ್ತಿದೆ, ಪೈಥಾನ್‌ಗೆ 4 ಸ್ಪೇಸ್, ಮೇಕ್‌ಫೈಲ್‌ಗೆ ಟ್ಯಾಬ್ ಅಂತ ಅವೇ ಸೆಟ್ ಮಾಡ್ಕೊಳತ್ತೆ. ಆದ್ರೆ 2016ರಲ್ಲಿ ಬಂದ ವಿಮ್ 8ರಿಂದ ಒಂದು ವಿಷಯ ಇದೆ, ನಿಮ್ಮದೇ ವಿಮ್‌ಆರ್‌ಸಿ ಇಲ್ಲದಿದ್ರೆ ಮಾತ್ರ ವಿಮ್ ತನ್ನ ಡಿಫಾಲ್ಟ್ ಫೈಲ್ ಓದಿ ಇವನ್ನ ಆನ್ ಮಾಡತ್ತೆ, ನೀವು ಎರಡು ಲೈನಿನ ವಿಮ್‌ಆರ್‌ಸಿ ಬರೆದ್ರೂ ಆ ಫೈಲ್ ಓದೋದೇ ಇಲ್ಲ. ನನಗೆ ಆಗಿದ್ದೂ ಇದೇ. ಫೈಲ್‌ಟೈಪ್ ಪ್ಲಗಿನ್ ಇಂಡೆಂಟ್ ಆನ್ ಅನ್ನೋ ಲೈನ್ ನೀವೇ ಸೇರಿಸ್ಕೋಬೇಕು.

ಸೇರಿಸಿದ್ಮೇಲೂ ನೀವು ಇಟ್ಟಿದ್ದು ಬಿಟ್ಟು ಬೇರೆ ನಂಬರ್ ಕಾಣ್ತಿದ್ರೆ ಕೋಲನ್ ಒತ್ತಿ ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್ ಅಂತ ಬರೆದು ಕೊನೇಲಿ ಪ್ರಶ್ನೆ ಚಿಹ್ನೆ ಹಾಕಿ ಎಂಟರ್ ಒತ್ತಿ, ಈಗ ಎಷ್ಟಿದೆ, ಕೊನೇ ಸಲ ಅದನ್ನ ಬದಲಾಯಿಸಿದ್ದು ಯಾವ ಫೈಲ್ ಅಂತ ವಿಮ್ಮೇ ತೋರಿಸತ್ತೆ.