ಪ್ರೋಟೀನ್ ಜಗಳ ಬಿಡಿ, ಬಿ12 ನೋಡಿಸಿ

ಮದುವೆ ಊಟದಲ್ಲಿ ಯಾರಾದರೂ ಮೊಸರು ಬೇಡ, ತುಪ್ಪ ಬೇಡ ಅಂದರೆ ಸಾಕು, ಪ್ರಶ್ನೆಗಳು ಶುರು. "ಪ್ರೋಟೀನ್ ಎಲ್ಲಿಂದ ಬರುತ್ತೆ?" "ಸೊಪ್ಪು ತಿಂದ್ರೆ ಮೈಯಲ್ಲಿ ಶಕ್ತಿ ಇರುತ್ತಾ?" "ಇದೆಲ್ಲ ದುಡ್ಡಿರೋರ ಶೋಕಿ ಅಲ್ವಾ?" ಇದನ್ನೇ ಕೇಳಿ ಕೇಳಿ ರೋಸಿಹೋದ ಸಸ್ಯಾಹಾರಿಗಳು, ಹಾಲು ತುಪ್ಪವನ್ನೂ ಮುಟ್ಟದ ವೀಗನ್‌ಗಳು ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರು ಕೇಳುವುದು ಏನು ತಿನ್ನಬೇಕು ಅಂತ ಅಲ್ಲ, ನೆಂಟರ ಬಾಯಿ ಮುಚ್ಚಿಸಲು ಏನು ಹೇಳಬೇಕು ಅಂತ. ಆಹಾರ ತಜ್ಞೆಯಾಗಿ ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಪ್ರೋಟೀನ್ ವಿಷಯ ಬೇಗ ಮುಗಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2020ರ ಶಿಫಾರಸಿನಂತೆ ಆರೋಗ್ಯವಾಗಿರುವ ವಯಸ್ಕರಿಗೆ ದಿನಕ್ಕೆ, ತೂಕದ ಒಂದು ಕಿಲೋಗೆ 0.83 ಗ್ರಾಂ ಬೇಕು. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ. ಬೇಯಿಸದ ತೊಗರಿಬೇಳೆ, ಹುರುಳಿಕಾಳು, ಕಡಲೆಕಾಯಿ ಬೀಜ, ಯಾವುದನ್ನೇ 100 ಗ್ರಾಂ ತೆಗೆದುಕೊಂಡರೂ ಅದರಲ್ಲಿ 20 ಗ್ರಾಂಗಿಂತ ಜಾಸ್ತಿ ಇರುತ್ತದೆ. ಅನ್ನ, ರಾಗಿಯಿಂದಲೂ ಒಂದಿಷ್ಟು ಸೇರುತ್ತದೆ. ತಿಳಿಸಾರು ಸುರಿದುಕೊಂಡು ಬೇಳೆ ತಿಂದೆ ಅನ್ನಬೇಡಿ, ಅಷ್ಟೇ. ಕಿಡ್ನಿ ತೊಂದರೆ ಇರುವವರ ಲೆಕ್ಕ ಬೇರೆ, ಗರ್ಭಿಣಿಯರ ಲೆಕ್ಕವೂ ಬೇರೆ. ಅವರು ಡಾಕ್ಟರನ್ನೇ ಕೇಳಬೇಕು.

ಯಾರೂ ಕೇಳದ ಪ್ರಶ್ನೆ ಬಿ12 ಎನ್ನುವ ವಿಟಮಿನ್ನಿನದು. ಇದನ್ನು ಗಿಡ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾ. ಹಸುವಿನ ಹೊಟ್ಟೆಯಲ್ಲಿ ಅವು ತಯಾರಿಸಿದ್ದು ಅದರ ಹಾಲಿಗೂ ಬರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥ ಬ್ಯಾಕ್ಟೀರಿಯಾ ಇವೆ. ಆದರೆ ಬಿ12 ಅನ್ನು ಮೈ ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯಲ್ಲಿ, ಅಂದರೆ ದೊಡ್ಡ ಕರುಳಿಗಿಂತ ಮೊದಲೇ. ಹಾಗಾಗಿ ಅಲ್ಲಿ ತಯಾರಾದದ್ದು ನಮಗೆ ಸಿಗುವುದಿಲ್ಲ. "ಹಸು ಹುಲ್ಲು ತಿಂದೇ ಗಟ್ಟಿಯಾಗಿಲ್ವಾ" ಎನ್ನುವ ವಾದವನ್ನು ದಯವಿಟ್ಟು ಬಿಡಿ. ಅದರ ಹೊಟ್ಟೆಯೇ ಬೇರೆ. ಮೊಳಕೆ ಕಾಳು, ನುಗ್ಗೆಸೊಪ್ಪು, ಹುದುಗಿದ ಇಡ್ಲಿ ಹಿಟ್ಟು, ಎಲ್ಲವೂ ಒಳ್ಳೆಯವೇ. ಬಿ12ಗೆ ಮಾತ್ರ ಅವುಗಳನ್ನು ನಂಬುವಂತಿಲ್ಲ. ಸ್ಪಿರುಲಿನಾ ಎನ್ನುವ ಪಾಚಿಯ ಪುಡಿಯಲ್ಲಿ ಇರುವುದು ಬಹುಪಾಲು ನಮ್ಮ ಮೈಗೆ ಒಗ್ಗದ ರೂಪ. ಹಾಲು, ಮೊಸರು ತಿನ್ನುವವರಿಗೆ ಸ್ವಲ್ಪ ಸಿಗುತ್ತದೆ, ಸಾಕಾಗುತ್ತದೆ ಅಂತ ಹೇಳಲಾಗದು. ವೀಗನ್ ಆದವರಿಗೆ ಮಾತ್ರೆ ಬೇಕೇ ಬೇಕು, ಇಲ್ಲವೇ ಬಿ12 ಸೇರಿಸಿದ ಆಹಾರ ಬೇಕು.

ಇಷ್ಟು ಹೇಳಿದ ಮೇಲೂ ಒಪ್ಪದವರಿದ್ದಾರೆ. ಮಂಡ್ಯ ಕಡೆಯ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ಮನೆಯಲ್ಲಿ ಬಾಡೂಟ ಮಾಡಿದ ದಿನ ಇವನೊಬ್ಬನಿಗೆ ಉಪ್ಸಾರು ಮುದ್ದೆ. "ಹಾಲಾದ್ರೂ ಕುಡಿ ಅಂತ ನೀವೇ ಹೇಳಿ ಮೇಡಂ" ಎನ್ನುವುದು ಅವರ ಕೋರಿಕೆ. ಹುಡುಗ ಕಾಳು, ಕಡಲೆಕಾಯಿ ಚೆನ್ನಾಗಿಯೇ ತಿನ್ನುತ್ತಿದ್ದ. ತಾಯಿ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದ: ಕೆಲವು ತಿಂಗಳಿಂದ ಪಾದ ಜುಮ್ಮೆನ್ನುತ್ತೆ, ಸುಸ್ತಾಗುತ್ತೆ. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ "ನೋಡಿದ್ಯಾ, ನಾವು ಹೇಳಲಿಲ್ವಾ" ಅಂತಾರಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಡಿಮೆ ಇತ್ತು. ಆಗಲೂ ಅವನ ಮೊದಲ ಮಾತು, "ಮಾತ್ರೆ ತಗೊಂಡ್ರೆ ಅವರೇ ಗೆದ್ದ ಹಾಗಾಗುತ್ತೆ."

ಇದೇ ನನ್ನನ್ನು ಕಾಡುವ ವಿಷಯ. ಸುತ್ತಲಿನವರ ಚುಚ್ಚುಮಾತು ಇವರನ್ನು ವಕೀಲರನ್ನಾಗಿ ಮಾಡಿಬಿಡುತ್ತದೆ. ತಮ್ಮ ಊಟದಲ್ಲಿ ಒಂದು ಕೊರತೆ ಇದೆ ಅಂತ ಒಪ್ಪಿದರೆ ಕೇಸು ಸೋತಂತೆ ಅಂದುಕೊಳ್ಳುತ್ತಾರೆ. ಬಿ12 ಕೊರತೆಯನ್ನು ತುಂಬ ದಿನ ಹಾಗೇ ಬಿಟ್ಟರೆ ನರಗಳಿಗೆ ಆಗುವ ಹಾನಿ ಪೂರ್ತಿ ಸರಿಹೋಗದೇ ಇರಬಹುದು. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ಸಂಗ್ರಹ ಇರುವುದರಿಂದ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಸೊಪ್ಪು, ಕಾಳು ಜಾಸ್ತಿ ತಿನ್ನುವವರಿಗೆ ಫೋಲೇಟ್ ಎನ್ನುವ ಇನ್ನೊಂದು ವಿಟಮಿನ್ ಚೆನ್ನಾಗಿ ಸಿಗುವುದರಿಂದ, ಬಿ12 ಕೊರತೆಯಿಂದ ಆಗುವ ರಕ್ತಹೀನತೆಯೂ ಬೇಗ ಕಾಣದೇ ಹೋಗಬಹುದು.

ಆ ಹುಡುಗನ ಗೆಳೆಯರು "ಯಾವಾಗ ಆ ಜನ ಆದೆ?" ಅಂತಲೂ ಕೇಳುತ್ತಾರಂತೆ. ನಮ್ಮಲ್ಲಿ ಎಷ್ಟೋ ಸಲ ತಟ್ಟೆ ನೋಡುವುದೇ ಜಾತಿ ಊಹಿಸಲು. 2014ರ ಸರ್ಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು 21% ಜನ ಸಸ್ಯಾಹಾರಿಗಳು ಎಂದು ದಾಖಲಾಗಿತ್ತು. ಅವರಲ್ಲಿ ಒಬ್ಬೊಬ್ಬರ ಕಾರಣ ಒಂದೊಂದು. ಅದನ್ನು ವಿವರಿಸುವ ಸಾಲ ಯಾರ ಮೇಲೂ ಇಲ್ಲ.

ಹಾಗಾದರೆ ಕೇಳಿದವರಿಗೆ ಏನು ಹೇಳುವುದು? "ಬೇಳೆ ಕಾಳು ತಿಂತೀನಿ, ಬಿ12 ಮಾತ್ರೆ ತಗೋತೀನಿ, ಪರೀಕ್ಷೆ ಮಾಡಿಸಿದೀನಿ." ಕಾಳಜಿಯಿಂದ ಕೇಳಿದ ಅಮ್ಮ, ಅಜ್ಜಿಗೆ ರಿಪೋರ್ಟನ್ನೇ ತೋರಿಸಿ. ಆ ಹುಡುಗನಿಗೂ ಅದನ್ನೇ ಹೇಳಿದೆ. ಕೆಣಕಲು ಕೇಳಿದವರಿಗೆ ಈ ಒಂದು ಸಾಲು ಸಾಕು, ಮುಂದಿನ ಮಾತು ಬೇರೆ ಕಡೆ ತಿರುಗಿಸಿ.

ಮಾತ್ರೆಯೋ ಇಂಜೆಕ್ಷನ್ನೋ, ಎಷ್ಟು ದಿನ ಎನ್ನುವುದನ್ನು ರಿಪೋರ್ಟ್ ನೋಡಿ ಡಾಕ್ಟರ್ ಹೇಳಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸುಮ್ನೆ ತರಬೇಡಿ. ಇನ್ನೊಂದು ವಿಷಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೂ ಬಿ12 ಕಡಿಮೆಯಾಗಬಹುದು, ಪ್ರತಿ ಭಾನುವಾರ ಮಟನ್ ತಿನ್ನುವವರಾದರೂ ಸರಿ. ಮಗನನ್ನು ಪರೀಕ್ಷೆಗೆ ಕರೆತರುವ ದಿನ ಅಪ್ಪನನ್ನೂ ಕರೆತನ್ನಿ.