ಹೀಟರ್ ತಣ್ಣಗೆ ಊದಿದರೆ ಎರಡು ಪೈಪ್ ಮುಟ್ಟಿ ನೋಡಿ

ಪೆಟ್ರೋಲ್, ಡೀಸೆಲ್ ಕಾರಿನ ಹೀಟರಿಗೆ ಸಾಮಾನ್ಯವಾಗಿ ಬೇರೆ ಒಲೆ ಇರುವುದಿಲ್ಲ. ಇಂಜಿನ್ನಿನ ಶಾಖ ಹೊತ್ತ ಕೂಲೆಂಟ್ ಎಂಬ ದ್ರವದ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ, ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ಗಾಳಿ ತಣ್ಣಗಿದ್ದರೆ ಬಿಸಿ ಕೂಲೆಂಟ್ ಕೋರ್ ತಲುಪುತ್ತಿಲ್ಲ, ಇಲ್ಲವೇ ಕೋರ್ ಬಿಸಿಯಾಗಿದ್ದರೂ ಗಾಳಿ ಅದನ್ನು ಹಾದು ಬರುತ್ತಿಲ್ಲ.

ನಮ್ಮ ಕಡೆ ಹೀಟರ್ ನೆನಪಾಗುವುದು ಡಿಸೆಂಬರಿನಲ್ಲಿ ಮಡಿಕೇರಿಗೋ ಊಟಿಗೋ ಹೊರಟಾಗ, ಅಥವಾ ಮಳೆಗಾಲದ ಘಾಟಿಯಲ್ಲಿ ಗಾಜು ಮಸುಕಾದಾಗ. ಅದು ಎಂದು ಕೆಟ್ಟಿತೆಂಬುದೇ ಅಷ್ಟರಲ್ಲಿ ಮರೆತಿರುತ್ತದೆ. ಬಹಳ ಸಲ ತೊಂದರೆಯ ಬೇರು ಹಳೆಯ ರಿಪೇರಿಯಲ್ಲೇ ಇರುತ್ತದೆ: ಇಂಜಿನ್ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತುಹಾಕಿದ್ದು, ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿದ್ದು, ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದ್ದು.

ಇಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಮಟ್ಟ ನೋಡಿ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಸುಮಾರು ಒಂದು ಬಾರ್ ಒತ್ತಡವಿರುತ್ತದೆ, ತೆರೆದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ರಿಸರ್ವ್ ಟ್ಯಾಂಕಿನಲ್ಲಿ ಗೆರೆಯವರೆಗೆ ಇದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದುಕೊಳ್ಳುವಂತಿಲ್ಲ. ರೇಡಿಯೇಟರಿಗೇ ಮುಚ್ಚಳವಿರುವ ಕಾರಾದರೆ ಅದನ್ನೂ ತೆರೆದು ನೋಡಿ. ಮಟ್ಟ ಇಳಿದಾಗ ಗಾಳಿ ಮೊದಲು ಸೇರಿಕೊಳ್ಳುವ ಜಾಗಗಳಲ್ಲಿ ಹೀಟರ್ ಕೋರ್ ಒಂದು. ನಿಂತಲ್ಲಿ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಬೆಚ್ಚಗೆ ಬಂದರೆ ಮೊದಲ ಗುಮಾನಿ ಹೀಗೆ ಸೇರಿದ ಗಾಳಿಯ ಮೇಲೆಯೇ. ಎರಡನೆಯದು ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್ ಸವೆದಿರುವುದರ ಮೇಲೆ.

ಮಟ್ಟ ಸರಿಯಿದ್ದರೆ ಎಸಿ ಆಫ್ ಮಾಡಿ, ನಾಬನ್ನು ಪೂರ್ತಿ ಬಿಸಿಯ ಕಡೆಗಿಟ್ಟು ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಬಾನೆಟ್ ತೆರೆದರೆ ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನೊಳಗೆ ಹೋಗುವ ಹೆಬ್ಬೆರಳು ದಪ್ಪದ ಎರಡು ರಬ್ಬರ್ ಪೈಪ್ ಕಾಣುತ್ತವೆ. ಫ್ಯಾನ್, ಬೆಲ್ಟ್‌ಗಳಿಂದ ಕೈ ದೂರವಿಟ್ಟು, ಬಟ್ಟೆ ಹಿಡಿದು ಎರಡನ್ನೂ ಮುಟ್ಟಿ. ಮುಕ್ಕಾಲು ಪಾಲು ಉತ್ತರ ಇಲ್ಲೇ ಸಿಗುತ್ತದೆ.

ಎರಡೂ ಸುಡುತ್ತಿದ್ದರೆ ಕೂಲೆಂಟ್ ಕಡೆ ತಪ್ಪಿಲ್ಲ. ಬಿಸಿ ತಣ್ಣನೆ ಗಾಳಿಯನ್ನು ಬೆರೆಸುವ ಬಾಗಿಲು ಡ್ಯಾಶ್‌ಬೋರ್ಡಿನೊಳಗೆ ತಿರುಗುತ್ತಿಲ್ಲ. ನಾಬಿನಿಂದ ಕೇಬಲ್ ಹೋಗುವ ಕಾರುಗಳಲ್ಲಿ ಕೇಬಲ್ ಕ್ಲಿಪ್ಪಿನಿಂದ ಜಾರಿರುತ್ತದೆ. ಕಾಲಿಡುವ ಜಾಗದಿಂದ ಟಾರ್ಚ್ ಬಿಟ್ಟರೆ ಹಲವು ಮಾಡೆಲ್‌ಗಳಲ್ಲಿ ಕಾಣುತ್ತದೆ, ಮತ್ತೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಆಟೋಮ್ಯಾಟಿಕ್ ಎಸಿಯಲ್ಲಿ ಆ ಕೆಲಸ ಪುಟ್ಟ ಮೋಟಾರಿನದು. ತಾಪಮಾನ ಬದಲಿಸಿದಾಗಲೆಲ್ಲ ಒಳಗಿನಿಂದ ಟಕಟಕ ಸದ್ದು ಬಂದರೆ ಅದರ ಪ್ಲಾಸ್ಟಿಕ್ ಹಲ್ಲು ಮುರಿದಿರುವ ಸಂಭವ ಹೆಚ್ಚು.

ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ. ಕೆಲವು ಕಾರುಗಳಲ್ಲಿ ಪೈಪಿನ ಮಧ್ಯೆ ಹೀಟರ್ ವಾಲ್ವ್ ಇರುತ್ತದೆ. ಅದು ತೆರೆಯುತ್ತಿದೆಯೇ ಎಂದು ಮೊದಲು ನೋಡಿ. ಕೋರಿನ ನಾಳಗಳು ತೀರಾ ಸಣ್ಣವು. ಗಡಸು ನೀರಿನ ಸುಣ್ಣ, ತುಕ್ಕು, ಸೋರಿಕೆ ಮುಚ್ಚುವ ಪುಡಿ ಬಂದು ಸೇರುವುದೇ ಅಲ್ಲಿ. ಇಂಜಿನ್ ಆರಿದ ಮೇಲೆ ಎರಡೂ ಪೈಪ್ ಬಿಚ್ಚಿ, ಕೂಲೆಂಟ್ ಹೊರಬರುವ ಬಾಯಿಯಿಂದ, ಅಂದರೆ ಹರಿವಿಗೆ ಎದುರಾಗಿ, ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಕಂದು ನೀರು ಹೋಗಿ ತಿಳಿ ಬರುವವರೆಗೆ ದಿಕ್ಕು ಬದಲಿಸುತ್ತಾ ತೊಳೆಯಿರಿ. ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆಸಿದರೆ ಹಳೆಯ ಕೋರಿನ ಬೆಸುಗೆ ಬಿಡುತ್ತದೆ. ಆಗ ಒಂದು ಗಂಟೆಯ ಕೆಲಸ, ಡ್ಯಾಶ್‌ಬೋರ್ಡನ್ನೇ ಇಳಿಸುವ ಕೆಲಸವಾಗುತ್ತದೆ.

ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಜಾಗದಲ್ಲೇ ಇಲ್ಲ. ಹೆದ್ದಾರಿಯಲ್ಲಿ ಗೇಜ್ ಕೆಳಗಿಳಿಯುವುದು, ಮೈಲೇಜ್ ಕಡಿಮೆಯಾಗುವುದು, ಗ್ಯಾರೇಜಿನ ಸ್ಕ್ಯಾನರಿನಲ್ಲಿ ಪಿ0128 ಎಂಬ, ಕೂಲೆಂಟ್ ಸಾಕಷ್ಟು ಬಿಸಿಯಾಗುತ್ತಿಲ್ಲವೆನ್ನುವ ಕೋಡ್ ಬರುವುದು ಇದರ ಗುರುತು. ಥರ್ಮೋಸ್ಟಾಟ್ ತೆಗೆದರೆ ಇಂಜಿನ್ ತಂಪಾಗಿರುತ್ತದೆ ಎಂಬ ಮಾತನ್ನು ಇನ್ನಾದರೂ ಬಿಡಬೇಕು. ಸದಾ ತಣ್ಣಗಿರುವ ಇಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿಯಾಗಲು ಕಾರಣ ಫ್ಯಾನೋ ರೇಡಿಯೇಟರೋ ಆಗಿದ್ದರೆ ಅದು ಹಾಗೆಯೇ ಉಳಿದಿರುತ್ತದೆ ಕೂಡ.

ಥರ್ಮೋಸ್ಟಾಟಿನ ಬೆಲೆ ಸಾಮಾನ್ಯವಾಗಿ ದೊಡ್ಡದಲ್ಲ. ಅದರ ಮೇಲೆ 82 ಅಥವಾ 88 ಎಂಬಂತೆ ಅಚ್ಚಾಗಿರುವ ಅಂಕಿ, ತೆರೆಯಲು ಶುರುವಾಗುವ ಡಿಗ್ರಿ ಸೆಲ್ಸಿಯಸ್. ನಿಮ್ಮ ಕಾರಿಗೆ ಹೇಳಿದ್ದನ್ನೇ ತನ್ನಿ. ಅನುಮಾನವಿದ್ದರೆ ಹಳೆಯದನ್ನು ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಜೊತೆ ಕಾಯಿಸಿ ನೋಡಿ. ತಣ್ಣೀರಿನಲ್ಲೇ ಬಾಯಿ ಬಿಟ್ಟಿದ್ದರೆ ಎಸೆಯಿರಿ. ಹೊಸದನ್ನು ಕೂರಿಸುವಾಗ ಅಲುಗಾಡುವ ಸಣ್ಣ ಪಿನ್ ಇದ್ದರೆ ಸಾಮಾನ್ಯವಾಗಿ ಅದು ಮೇಲಕ್ಕಿರಬೇಕು, ಗಾಳಿ ಹೊರಡುವುದು ಅಲ್ಲಿಂದ. ರಬ್ಬರ್ ರಿಂಗ್ ಹೊಸದೇ ಹಾಕಿ. ಅಲ್ಯೂಮಿನಿಯಂ ಹೌಸಿಂಗಿನ ಬೋಲ್ಟ್‌ಗಳನ್ನು ಬಲ ಹಾಕಿ ಬಿಗಿದರೆ ಥ್ರೆಡ್ ಹೋಗುತ್ತದೆ.

ಮರಳಿ ತುಂಬುವಾಗ ಕೈಪಿಡಿಯಲ್ಲಿ ಹೇಳಿದ ಜಾತಿಯ ಕೂಲೆಂಟ್ ಮಾತ್ರ ಬಳಸಿ. ಸಾಂದ್ರವಾದದ್ದಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಮಪಾಲು. ರೆಡಿಮಿಕ್ಸ್ ಆದರೆ ಒಂದು ಹನಿ ನೀರೂ ಬೇಡ. ಕಾರಿನ ಮೂತಿ ಮೇಲಕ್ಕಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಯಲ್ಲಿರಲಿ. ತಣ್ಣನೆಯ ಇಂಜಿನ್ನಿಗೆ ನಿಧಾನವಾಗಿ ತುಂಬಿ, ಮುಚ್ಚಳ ತೆಗೆದೇ ಚಾಲೂ ಮಾಡಿ, ಮೇಲಿನ ದಪ್ಪ ಹೋಸನ್ನು ಆಗಾಗ ಅಮುಕುತ್ತಾ ಮಟ್ಟ ಇಳಿದಂತೆ ಸೇರಿಸಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದೆ ಧಾರೆ ಬರುವವರೆಗೆ ಸಡಿಲಿಸಿಡಿ. ದ್ರವ ಉಬ್ಬಿ ಬರುವ ಮೊದಲೇ ಮುಚ್ಚಳ ಬಿಗಿದು, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಬಿಡಿ. ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಮಟ್ಟ ನೋಡಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದು, ಸೋರಿಕೆ ಕಾಣದೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಪರೀಕ್ಷೆ ಆಗಬೇಕು. ಅಂಥ ಗಾಡಿಯನ್ನು ಘಾಟಿ ಹತ್ತಿಸಬೇಡಿ. ಹಳೆಯ ಕೂಲೆಂಟ್ ಸಿಹಿಯಾಗಿರುವ ವಿಷ. ನಾಯಿ, ಮಕ್ಕಳಿಗೆ ಸಿಗುವಂತೆ ಬಿಡಬೇಡಿ, ಚರಂಡಿಗೂ ಸುರಿಯಬೇಡಿ.

ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಮುಂದಿನ ಸೀಟಿನ ಕೆಳಗೆ ಒದ್ದೆ ಕಾರ್ಪೆಟ್ ಇದ್ದರೆ ಕೋರ್ ತೂತಾಗಿದೆ. ಅದನ್ನು ಬದಲಿಸುವ ಬದಲು ಎರಡು ಪೈಪುಗಳನ್ನು ಇಂಜಿನ್ ಕಡೆಯಲ್ಲೇ ಜೋಡಿಸಿಬಿಡುವ ಗ್ಯಾರೇಜುಗಳಿವೆ. ದಾರಿಯಲ್ಲಿ ಕೈಕೊಟ್ಟಾಗ ಅದು ಸರಿಯಾದ ಉಪಾಯವೇ, ಆದರೆ ಹೀಟರ್ ಇನ್ನು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಆ ತಗಡಿನ ಬಳಿ ಒಮ್ಮೆ ಬಗ್ಗಿ ನೋಡಿ: ಪೈಪು ಒಳಗೆ ಹೋಗದೆ ಯು ಆಕಾರದಲ್ಲಿ ತಿರುಗಿ ಬಂದಿದ್ದರೆ ಹೊಸ ಕೋರಿನ ಬೆಲೆ, ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿ ಎರಡನ್ನೂ ಕಳೆದು ಮಾತಾಡಿ.