ಬಣ್ಣ ತೆಗೆದರೆ ಏನು ಉಳಿಯುತ್ತದೆ?

ಫೋಟೋ ಸಪ್ಪೆ ಅನ್ನಿಸಿದ ಕೂಡಲೇ ಅದನ್ನು ಕಪ್ಪು-ಬಿಳುಪು ಮಾಡಿಬಿಡುವ ಚಾಳಿ ನಮ್ಮಲ್ಲಿ ತುಂಬಾ ಜನಕ್ಕಿದೆ. ನನಗೂ ಇತ್ತು. ಆ ಕ್ಷಣಕ್ಕೆ ಏನೋ ತೂಕ ಬಂದ ಹಾಗೆ ಕಾಣುತ್ತದೆ. ಮರುದಿನ ನೋಡಿದರೆ ಅದೇ ಸಪ್ಪೆ ಫೋಟೋ, ಬಣ್ಣವೂ ಇಲ್ಲ.

ಈಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಚಿತ್ರದಲ್ಲಿ ಬಣ್ಣಕ್ಕೆ ಏನು ಕೆಲಸ?

ಹಸಿರು ಎಲೆಗಳ ನಡುವೆ ಒಂದು ಕೆಂಪು ಹೂವು ಇದೆ ಅಂದುಕೊಳ್ಳಿ. ಕಣ್ಣು ನೇರ ಹೂವಿನ ಮೇಲೇ ಹೋಗುತ್ತದೆ. ಬಣ್ಣ ತೆಗೆದರೆ ಹೂವು ಎಲೆಯೊಳಗೆ ಕರಗಿ ಹೋಗಬಹುದು. ಆ ಕೆಂಪು, ಆ ಹಸಿರು ಎರಡರ ಹೊಳಪೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಎರಡೂ ಒಂದೇ ಬೂದು ಆಗುತ್ತವೆ. ಕ್ಲಿಕ್ ಮಾಡುವ ಮೊದಲು ಕಣ್ಣು ಅರ್ಧ ಮುಚ್ಚಿ ನೋಡಿ. ವಿವರಗಳು ಮಸುಕಾಗಿ ಬೆಳಕು-ನೆರಳಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಆ ತುಂಡುಗಳೇ ಚೆನ್ನಾಗಿದ್ದರೆ ಬಣ್ಣದ ಹಂಗು ಬೇಡ.

ಹಾಗಂತ ಯಾವ ಬಣ್ಣ ಎಷ್ಟು ಬೂದು ಆಗಬೇಕು ಎನ್ನುವುದು ವಿಧಿಬರಹವೇನಲ್ಲ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಹೊಳೆಯುತ್ತದೆ, ನೀಲಿ ತೀರಾ ಕಡಿಮೆ. ಅದಕ್ಕೇ ಬಣ್ಣವನ್ನು ಬೂದಿಗೆ ತಿರುಗಿಸುವ ಹಳೆಯ ಸೂತ್ರವೊಂದರಲ್ಲಿ ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಪಾಲು. ಎಡಿಟಿಂಗ್‌ನಲ್ಲಿ ಈ ಪಾಲು ನಮ್ಮ ಕೈಲೇ ಇರುತ್ತದೆ. ನೀಲಿಯನ್ನು ಇಳಿಸಿದರೆ ಆಕಾಶ ಕಪ್ಪಾಗಿ ಮೋಡ ಎದ್ದು ಬರುತ್ತದೆ. ಫಿಲ್ಮ್ ಕಾಲದಲ್ಲಿ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ ಮಾಡುತ್ತಿದ್ದದ್ದೂ ಇದನ್ನೇ. ಮುಖದಲ್ಲಿ ಕೆಂಪಿನ ಪಾಲು ಏರಿಸಿದರೆ ಚರ್ಮದ ಕಲೆಗಳು ಮಾಯವಾಗುತ್ತವೆ, ಜೊತೆಗೆ ತುಟಿಯೂ ಪೇಲವವಾಗುತ್ತದೆ. ನೀಲಿಯ ಪಾಲು ಏರಿಸಿದರೆ ಒಂದೊಂದು ಮಚ್ಚೆಯೂ ಲೆಕ್ಕಕ್ಕೆ ಸಿಗುತ್ತದೆ. ಬಹಳ ಹಳೆಯ ಫೋಟೋಗಳಲ್ಲಿ ತುಟಿ ಕಪ್ಪಗೆ, ಆಕಾಶ ಬೆಳ್ಳಗೆ ಇರುವುದನ್ನು ನೋಡಿದ್ದೀರಲ್ವಾ? ಫಿಲ್ಮಿನ ಬದಲು ಬಳಸುತ್ತಿದ್ದ ಆಗಿನ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿ ಮಾತ್ರ ಜಾಸ್ತಿ ಕಾಣುತ್ತಿತ್ತು.

ಸೂರ್ಯ ಮುಳುಗಿದ ಮೇಲಿನ ನೀಲಿ ಹೊತ್ತಿನಲ್ಲಿ ಕಿಟಕಿಯೊಂದರಲ್ಲಿ ಹಳದಿ ದೀಪ ಉರಿಯುತ್ತಿದ್ದರೆ ಅದನ್ನು ಬಣ್ಣದಲ್ಲೇ ಬಿಡಿ. ಅಲ್ಲಿ ಬಣ್ಣವೇ ಕತೆ.

ಒಂದು ಕಡೆಯಿಂದ ಬಲ್ಬಿನ ಬೆಳಕು, ಇನ್ನೊಂದು ಕಡೆಯಿಂದ ಕಿಟಕಿಯ ಬೆಳಕು ಬಿದ್ದ ಮುಖ ಬೇರೆಯೇ ತಲೆನೋವು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಬಲ್ಬು ಸುಮಾರು 3000 ಕೆಲ್ವಿನ್, ಹಗಲು 5500ರ ಆಸುಪಾಸು. ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಒಂದು ಕೆನ್ನೆ ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಇಲ್ಲಿ ನಾನು ಹಿಂದೆಮುಂದೆ ನೋಡದೆ ಕಪ್ಪು-ಬಿಳುಪಿಗೆ ಹೋಗುತ್ತೇನೆ. ಮೊದಲು ಬೈದ ರಿಪೇರಿ ಕೆಲಸವೇ ಇದು ಅಲ್ವಾ ಅಂದರೆ, ಹೌದು, ಸ್ವಲ್ಪ ಮಟ್ಟಿಗೆ. ಆದರೆ ಫೋಟೋ ಚೆನ್ನಾಗಿದೆ, ಬಣ್ಣ ಸುಮ್ನೆ ಅಡ್ಡ ನಿಂತಿದೆ.

ಎಲ್ಲ ಬೂದು ಮಾಡಿ ಗುಲಾಬಿ ಒಂದನ್ನೇ ಕೆಂಪಗೆ ಬಿಡುವವರಿದ್ದಾರೆ. ನನಗೆ ಅದು ಎಂದೂ ಹಿಡಿಸಿಲ್ಲ.

ಒಮ್ಮೆ ಮಂಜು ಮುಸುಕಿದ ಬೆಳಿಗ್ಗೆ ಒಂದು ಮಗುವಿನ ಫೋಟೋ ತೆಗೆದೆ. ಕ್ಯಾಮೆರಾ ಮೊನೊಕ್ರೋಮ್‌ನಲ್ಲಿ, ಅಂದರೆ ಕಪ್ಪು-ಬಿಳುಪಿನಲ್ಲಿತ್ತು, ಫೈಲ್ ಜೆಪೆಗ್ ಮಾತ್ರ, ಅಂದರೆ ಕ್ಯಾಮೆರಾನೇ ಸಂಸ್ಕರಿಸಿ ಕೊಡುವ ಸಿದ್ಧ ಚಿತ್ರ. ಮಗುವಿನ ಅಮ್ಮ ಫೋಟೋಗಳನ್ನು ನೋಡಿ ಕೇಳಿದ್ದು ಒಂದೇ: "ಸರ್, ಇವಳ ಹಳದಿ ರೇನ್‌ಕೋಟ್ ಎಲ್ಲಿ?" ಹಳದಿ ಹೊಳಪಿನ ಬಣ್ಣ. ಅದು ಬಿಳಿಚಿಕೊಂಡು ಹಿಂದಿನ ಮಂಜಿನಲ್ಲಿ ಸೇರಿಹೋಗಿತ್ತು. ಜೆಪೆಗ್‌ನಲ್ಲಿ ಬೂದು ಬಿಟ್ಟು ಬೇರೇನೂ ಉಳಿದಿರಲಿಲ್ಲ, ವಾಪಸ್ ತರಲು ದಾರಿಯೇ ಇರಲಿಲ್ಲ. ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಳ್ಳುವ ರಾ ಫೈಲ್ ಆಗಿದ್ದರೆ ಸ್ಕ್ರೀನ್ ಕಪ್ಪು-ಬಿಳುಪು ತೋರಿಸಿದರೂ ಒಳಗೆ ಬಣ್ಣದ ಮಾಹಿತಿ ಇದ್ದೇ ಇರುತ್ತಿತ್ತು. ಈಗಲೂ ನನ್ನ ಸ್ಕ್ರೀನ್ ಹೆಚ್ಚಾಗಿ ಮೊನೊಕ್ರೋಮ್‌ನಲ್ಲೇ ಇರುತ್ತದೆ, ಬೆಳಕು ಓದಲು ಸುಲಭ ಅಂತ. ಫೈಲ್ ಮಾತ್ರ ಯಾವಾಗಲೂ ರಾ.